ಮೂರನೆಯ ಗುಂಡಿಯ ವಾದ

ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹೊಲಿಗೆ ಅಂಗಡಿಯಲ್ಲಿ, ಬೀದಿಯಲ್ಲಿ, ಕೊನೆಗೆ ಔಷಧಿ ಅಂಗಡಿಯವನ ಚೀಟಿಯಲ್ಲಿ ಕೂಡ ಅವಳು ಕಾಜಾ ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಟೈಲರ್ ಮಾಸ್ಟರ್ ಸಹ, "ಅಕ್ಕ, ಆ ನೀಲಿ ಕೋಟು ಎಲ್ಲಿಗೆ ಬಂತು?" ಎಂದೇ ಕೇಳುತ್ತಿದ್ದರು. ಕಾಜಾ ಎಂದರೆ ಗುಂಡಿ ತೂರುವ ತೂತು. ತೂತು ಹೊಲಿಯುವುದಕ್ಕೂ ಒಂದು ಜೀವಮಾನವೇ ಎಂದು ನಗಬೇಡಿ. ಮಿಷನ್ನಿನಲ್ಲಿ ಅದು ಅರ್ಧ ನಿಮಿಷದ ಕೆಲಸ, ನಿಜ. ಒಳ್ಳೆಯ ಕೋಟಿಗೆ ಮಾತ್ರ ಕೈಯಲ್ಲೇ ಆಗಬೇಕು. ಬಟ್ಟೆಯನ್ನು ಸಣ್ಣ ಉಳಿಯಿಂದ ಸೀಳಿ, ದಾರಕ್ಕೆ ಮೇಣ ಎಳೆದು, ಅಂಚಿನುದ್ದಕ್ಕೂ ಗಂಟಿನ ಪಕ್ಕ ಗಂಟು ಕೂರಿಸುತ್ತ ಹೋಗಬೇಕು. ಒಂದಕ್ಕೆ ಮುಕ್ಕಾಲು ಗಂಟೆ. ಉಸಿರು ತಪ್ಪಿದರೆ ಗಂಟು ತಪ್ಪುತ್ತದೆ, ಗಂಟು ತಪ್ಪಿದರೆ ಗಿರಾಕಿಯ ಬೈಗುಳ ತಪ್ಪುವುದಿಲ್ಲ.

ಅವಳ ಅಪ್ಪ ಅದೇ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಹನ್ನೊಂದನೆಯ ವಯಸ್ಸಿಗೆ ಅವರ ಮೇಜಿನ ಕೆಳಗೆ ಕೂತು ಚಿಂದಿಯ ಮೇಲೆ ಗಂಟು ಕಲಿತವಳು ನಲವತ್ತನಾಲ್ಕಾದರೂ ಅದೇ ಮೇಜಿನ ಪಕ್ಕದಲ್ಲಿದ್ದಳು. ಅಪ್ಪ ಇರಲಿಲ್ಲ, ಅಷ್ಟೇ. ವಾಸ ಅಣ್ಣನ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಒಂದೆರಡು ಸಂಬಂಧ ಬಂದಿದ್ದವು. ಮೊದಲ ಸಲ ಅಪ್ಪನ ಕಾಯಿಲೆ ಅಡ್ಡ ಬಂತು, ಎರಡನೆಯ ಸಲ ಅತ್ತಿಗೆಯ ಬಾಣಂತನ, ಆಮೇಲೆ ಅಣ್ಣನ ಮಕ್ಕಳ ಶಾಲೆ. "ಮುಂದಿನ ವರ್ಷ ನೋಡೋಣ" ಎಂದು ಅಣ್ಣ ಹೇಳುತ್ತಲೇ ಹೋದ. ಅತ್ತಿಗೆಯಂತೂ ಬಂದವರೆದುರು ಬಾಯಿ ತುಂಬ, "ಇವಳು ನಮ್ಮನೆ ಬಲಗೈ" ಎನ್ನುತ್ತಿದ್ದಳು. ಬಲಗೈಯನ್ನು ಯಾರು ತಾನೇ ಕಡಿದು ಕೊಟ್ಟು ಕಳಿಸುತ್ತಾರೆ, ಹೇಳಿ.

ತನ್ನದು ಅಂತ ಅವಳಿಗೆ ಇದ್ದದ್ದು ಭಾನುವಾರದ ಮಧ್ಯಾಹ್ನ, ಮೂರರಿಂದ ಐದು. ಅಂಗಡಿಯ ಎದುರಿನ ಕಟ್ಟಡದ ಮಹಡಿಯಲ್ಲಿ ಟೈಪಿಂಗ್ ಕಲಿಸುವ ಶಾಲೆಯಿತ್ತು. ಹೊರಕೋಣೆಯಲ್ಲಿ ಮುಸುಕು ಹೊದ್ದ ಹನ್ನೆರಡು ಮಿಷನ್ನು, ಒಳಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೋವು, ಒಂದು ಟಿ.ವಿ. ಅಲ್ಲಿ ಇದ್ದವಳು ಟೈಪ್ ಟೀಚರ್. ಎರಡು ಸಲ ಮದುವೆಯಾಗಿ ಎರಡನ್ನೂ ಮುಗಿಸಿಕೊಂಡು ಬಂದ ಗಟ್ಟಿಗಿತ್ತಿ, ಕಾಜಾ ಅಕ್ಕನ ಜೀವದ ಗೆಳತಿ. ಆ ಒಳಕೋಣೆಗೆ ಅವಳು ಹಾಕಿದ್ದ ಕಾಯಿದೆ ಒಂದೇ: "ಮನೆ ಸುದ್ದಿ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬರ್ಬೇಕು. ಇಲ್ಲಿ ಕುದುರೆಗಾಡಿ ಮಾತ್ರ."

ಕುದುರೆಗಾಡಿ ಎಂದರೆ ಒಂದು ಹಳೆಯ ಪತ್ತೇದಾರಿ ಧಾರಾವಾಹಿ. ನೂರು ವರ್ಷದ ಹಿಂದಿನ ಕಾಲದ ಕಥೆ, ಗ್ಯಾಸ್ ದೀಪ, ಕಲ್ಲುಹಾಸಿನ ಬೀದಿ, ಕಂತಿಗೊಂದು ಹೆಣ. ಒಟ್ಟು ಇಪ್ಪತ್ತಾರು ಕಂತು. ಭಾನುವಾರಕ್ಕೊಂದು ನೋಡಿದರೆ ಅರ್ಧ ವರ್ಷಕ್ಕೆ ಮುಗಿಯುತ್ತದೆ. ಮುಗಿದ ಮರುವಾರ ಮತ್ತೆ ಒಂದನೆಯ ಕಂತು. ಕೊಲೆಗಾರ ಯಾರೆಂದು ಅವರಿಗೆಲ್ಲ ಬಾಯಿಪಾಠವಾಗಿತ್ತು. ಅವರು ನೋಡುತ್ತಿದ್ದದ್ದು ಕೊಲೆಗಾಗಿ ಅಲ್ಲ. ಆ ಪತ್ತೇದಾರ ಯಾರನ್ನು ಪ್ರೀತಿಸಿದ ಎಂಬುದಕ್ಕಾಗಿ. ಕಥೆಯಲ್ಲಿ ಇಬ್ಬರು ಹೆಂಗಸರಿದ್ದರು: ಹೆಣ ಕೊಯ್ದು ವರದಿ ಕೊಡುವ ಬಾಯಿಬಡುಕಿ ಡಾಕ್ಟರಮ್ಮ, ಮತ್ತು ಫೋಟೋ ಅಂಗಡಿ ಇಟ್ಟುಕೊಂಡಿದ್ದ, ಮಾತು ಕಡಿಮೆಯ ವಿಧವೆ. ಕೊನೆಯ ಕಂತಿನಲ್ಲಿ ಪತ್ತೇದಾರ ಯಾರಿಗೂ ಏನೂ ಹೇಳದೆ ಹಡಗು ಹತ್ತಿ ಹೋಗಿಬಿಡುತ್ತಾನೆ. ಬರೆದವನಿಗೆ ಏನಾಗಿತ್ತೋ ಕಾಣೆ, ನೋಡಿದವರಿಗೆ ಮಾತ್ರ ಜನ್ಮಕ್ಕಾಗುವಷ್ಟು ಜಗಳ ಉಳಿಯಿತು.

ಮೂರನೆಯವರು ಗಡಿಯಾರದವರು. ಅದೇ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದ ಬೀರುವಿನಷ್ಟೇ ಅಗಲದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಒಂದು ಭಾನುವಾರ ಮೇಲಿನ ಜಗಳ ಕೇಳಲಾರದೆ, "ಸ್ವಲ್ಪ ಮೆಲ್ಲಗೆ ಮಾತಾಡಿ, ಸ್ಪ್ರಿಂಗು ಹಾರೋಗುತ್ತೆ" ಎಂದು ಹೇಳಲು ಬಂದವರು ಬಾಗಿಲಲ್ಲೇ ನಿಂತು ಅರ್ಧ ಕಂತು ನೋಡಿ, "ಆ ಡಾಕ್ಟರಮ್ಮನ್ನಲ್ಲ ಕಣ್ರೀ, ಅವನು ಪ್ರೀತಿಸಿದ್ದು ಫೋಟೋದವಳನ್ನ" ಎಂದರು. ಟೈಪ್ ಟೀಚರ್ ಮುಖ ಕೆಂಪಗೆ ಮಾಡಿಕೊಂಡು ಕುರ್ಚಿ ತೋರಿಸಿದಳು. ಅಲ್ಲಿಂದ ಮೂವರಾದರು.

ಒಬ್ಬೊಬ್ಬರದೂ ಒಂದೊಂದು ಸಾಕ್ಷಿ. ಟೈಪ್ ಟೀಚರ್ ಡಾಕ್ಟರಮ್ಮನ ಕಡೆ: ಇಪ್ಪತ್ತೆರಡನೆಯ ಕಂತಿನಲ್ಲಿ ಪತ್ತೇದಾರನಿಗೆ ಬರುವ ಸಹಿಯಿಲ್ಲದ ಕಾಗದದಲ್ಲಿ ಒಂದು ಅಕ್ಷರ ಸಾಲಿನಿಂದ ಕೆಳಗೆ ಬಿದ್ದಿದೆ, ಡಾಕ್ಟರಮ್ಮನ ಟೈಪ್ ಮಿಷನ್ನಿನಲ್ಲೂ ಅದೇ ಅಕ್ಷರ ಬೀಳುತ್ತದೆ, ಅವನು ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಹಡಗು ಹತ್ತಿದ. ಇನ್ನೇನು ಬೇಕು?

ಕಾಜಾ ಅಕ್ಕನ ಸಾಕ್ಷಿ ಹದಿನಾಲ್ಕನೆಯ ಕಂತಿನಲ್ಲಿತ್ತು. ನಾಲ್ಕು ಕಣ್ಣಿನ ಗುಂಡಿಯನ್ನು ಎರಡು ರೀತಿಯಲ್ಲಿ ಹೊಲಿಯಬಹುದು. ದಾರ ಎರಡು ಸಮ ಗೆರೆಯಾಗಿ ಕೂತರೆ ಅದು ಜೋಡಿಗೆರೆ, ಕತ್ತರಿಯ ಹಾಗೆ ಒಂದರ ಮೇಲೊಂದು ಹಾದರೆ ಅಡ್ಡಗೆರೆ. ಪತ್ತೇದಾರನ ಕೋಟಿನ ಗುಂಡಿಗಳೆಲ್ಲ ಜೋಡಿಗೆರೆ. ಫೋಟೋದವಳ ಅಂಗಡಿಯಲ್ಲಿ ಹೊಡೆದಾಟವಾಗಿ ಅವನ ಕೋಟು ಅಲ್ಲೇ ಉಳಿದ ಮೇಲೆ, ಮೂರನೆಯ ಗುಂಡಿ ಮಾತ್ರ ಅಡ್ಡಗೆರೆ! "ಅವಳೇ ಹೊಲಿದಿದ್ದು. ಎದೆ ನೇರಕ್ಕಿರೋ ಗುಂಡಿ. ಅವಳಿಗೆ ಪ್ರೀತಿ ಇತ್ತು. ಆದ್ರೆ ಆ ಮಹಾಶಯನ ಕಣ್ಣಿಗೆ ಅದು ಬೀಳ್ಲೇ ಇಲ್ಲ. ಹೆಣದ ಉಗುರಲ್ಲಿರೋ ಮಣ್ಣು ಕಾಣುತ್ತೆ, ಸ್ವಂತ ಎದೆ ಮೇಲಿರೋ ಗುಂಡಿ ಕಾಣಲ್ಲ. ಪತ್ತೇದಾರನಂತೆ ಪತ್ತೇದಾರ!" ಎಂದು ಅವಳು ಸೂಜಿ ಹಿಡಿದ ಹಾಗೆ ಬೆರಳು ಮಾಡಿ ಹೇಳುತ್ತಿದ್ದಳು.

"ಕಂಡಿತ್ತು ಕಣ್ರೀ" ಎನ್ನುತ್ತಿದ್ದರು ಗಡಿಯಾರದವರು. "ಹದಿನಾಲ್ಕರಲ್ಲಿ ಗುಂಡಿ ಕಂಡಿತು, ಹದಿನೈದರಲ್ಲಿ ಅವನು ಉತ್ತರ ಕೊಟ್ಟ. ಅವಳ ಅಂಗಡಿ ಎದುರು ನಿಂತಿದಾನಲ್ಲ, ಹಿಂದೆ ಗೋಪುರದ ಗಡಿಯಾರ ನೋಡಿ. ಮೊದಲು ಒಂದು ಹೊತ್ತು ತೋರ್ಸುತ್ತೆ, ಕೊನೇಲಿ ಇನ್ನೊಂದು. ನಾಲ್ಕು ಗಂಟೆ ನಿಂತಿದಾನೆ ಮನುಷ್ಯ. ಸುಮ್ನೆ ನಿಂತ್ಕೊಳ್ತಾರಾ?"

"ಅದು ಶೂಟಿಂಗ್ ಮಾಡೋರ ತಪ್ಪು. ಬೆಳಿಗ್ಗೆ ಸ್ವಲ್ಪ, ಸಾಯಂಕಾಲ ಸ್ವಲ್ಪ ತೆಗ್ದಿರ್ತಾರೆ" ಎಂದು ಕಾಜಾ ಅಕ್ಕ.

"ಗುಂಡಿ ಮಾತ್ರ ತಪ್ಪಲ್ವಾ?"

"ಗುಂಡಿ ಕೈಯಿಂದ ಹೊಲಿಯೋದು ರೀ!"

ಹೀಗೆ ಆರು ವರ್ಷ. ಹದಿನೈದನೆಯ ಕಂತಿನ ಆ ದೃಶ್ಯ ಬಂದರೆ ಸಾಕು, ಕಾಜಾ ಅಕ್ಕ ಪ್ರತಿಭಟನೆಗೆಂದು ಎದ್ದು ಟೀ ಇಡಲು ಹೋಗುತ್ತಿದ್ದಳು. ನಾಲ್ಕು ಗಂಟೆ ಎಂಬ ವಾದ ಅವಳಿಗೆ ಗೊತ್ತು. ಎಷ್ಟರಿಂದ ಎಷ್ಟರವರೆಗೆ ಎಂದು ಅವಳು ಕೇಳಿದವಳೂ ಅಲ್ಲ, ನೋಡಿದವಳೂ ಅಲ್ಲ. ಪ್ರತಿ ಸಲ ಇಪ್ಪತ್ತಾರು ಮುಗಿದ ಮೇಲೆ ಚೀಟಿ ಬರೆದು ಹಳೇ ಬಿಸ್ಕತ್ತಿನ ಡಬ್ಬಿಗೆ ಹಾಕುವುದು, ಟೈಪ್ ಟೀಚರ್ ಓದುವುದು. ಕಾಜಾ ಅಕ್ಕನದು 'ಅವಳಿಗೆ ಇತ್ತು, ಅವನಿಗೆ ಇರಲಿಲ್ಲ'. ಗಡಿಯಾರದವರದು 'ಇಬ್ಬರಿಗೂ ಇತ್ತು'. ಟೀಚರದು 'ಡಾಕ್ಟರಮ್ಮ'. ಒಂದು, ಒಂದು, ಒಂದು. ತೀರ್ಪು ಬರುವ ದಾರಿಯೇ ಇರಲಿಲ್ಲ, ಬರಲೆಂದು ಯಾರಿಗೂ ಆಸೆಯೂ ಇರಲಿಲ್ಲ.

ಒಂದು ವಿಷಯ ಹೇಳುವುದು ಮರೆತೆ. ಊರೆಲ್ಲ ಅಕ್ಕ ಎನ್ನುತ್ತಿದ್ದವಳನ್ನು ಗಡಿಯಾರದವರು ಒಂದು ದಿನವೂ ಅಕ್ಕ ಎನ್ನಲಿಲ್ಲ. "ಏನ್ರೀ", "ನೋಡ್ರೀ", ತೀರಾ ಬೇಕಾದರೆ "ಕಾಜಾದವರೇ". ಮೊದಲು ಇದು ಅವಳ ಗಮನಕ್ಕೆ ಬರಲಿಲ್ಲ. ಬಂದ ದಿನ ಸೂಜಿ ಬೆರಳಿಗೆ ಚುಚ್ಚಿತು. ಆಮೇಲೆ ಸೋಮವಾರದಿಂದಲೇ ಭಾನುವಾರದ ದಾರಿ ಕಾಯುವುದಕ್ಕೆ ಶುರುಮಾಡಿದಳು. ಅವರು ಮೆಟ್ಟಿಲು ಹತ್ತುವ ಸದ್ದು, ಒಂದು ಮೆಟ್ಟಿಲಲ್ಲಿ ನಿಂತು ಉಸಿರು ಎಳೆದುಕೊಳ್ಳುವ ರೀತಿ, ಟೀ ಆರಿದ ಮೇಲೆಯೇ ಕುಡಿಯುವ ಹಟ, ಎಲ್ಲ ಅವಳಿಗೆ ಪಾಠವಾಯಿತು. ಯಾರ ಹತ್ತಿರ ಹೇಳಿಕೊಳ್ಳುವುದು? ಒಳಕೋಣೆಯಲ್ಲಿ ಸ್ವಂತ ಸುದ್ದಿಗೆ ಜಾಗವಿಲ್ಲ, ಅಣ್ಣನ ಮನೆಯಲ್ಲಿ ಇವಳ ಸುದ್ದಿಗೇ ಜಾಗವಿಲ್ಲ.

ಹತ್ತನೆಯ ಸಲದ ಹದಿನಾಲ್ಕನೆಯ ಕಂತು ನೋಡಿದ ದಿನ ಅವರ ಬೂದು ಕೋಟಿನ ಗುಂಡಿ ಸಡಿಲವಾಗಿ ತೂಗಾಡುತ್ತಿತ್ತು. ಭಾನುವಾರಕ್ಕೆಂದೇ ಹಾಕುತ್ತಿದ್ದ ಏಕೈಕ ಕೋಟು. ಯಾವ ಗುಂಡಿ ಅಂತೀರಿ? ಮೂರನೆಯದೇ. "ಕೊಡಿ, ನಾಳೆ ಹಾಕ್ಕೊಡ್ತೀನಿ" ಎಂದಳು ಕಾಜಾ ಅಕ್ಕ. ಮರುದಿನ ಅಂಗಡಿಯಲ್ಲಿ ಮಾಸ್ಟರ್ ಊಟಕ್ಕೆ ಹೋಗುವ ತನಕ ಕಾದು, ಬಾಗಿಲ ಕಡೆ ಬೆನ್ನು ಮಾಡಿ ಕೂತು, ಬೂದು ದಾರ ಬಿಟ್ಟು ಕಡುಗೆಂಪು ದಾರಕ್ಕೆ ಮೇಣ ಎಳೆದಳು. ಆ ಅಂಗಡಿಯಲ್ಲಿ ಅಡ್ಡಗೆರೆ ನಿಷಿದ್ಧ. ಹಾಕಿದವರಿಗೆ ಮಾಸ್ಟರ್ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಮೂವತ್ತಮೂರು ವರ್ಷದಲ್ಲಿ ಅವಳು ಹಾಕಿದ ಮೊದಲ ಅಡ್ಡಗೆರೆ ಅದು. ಎರಡು ಸಲ ಬಿಚ್ಚಿ ಮತ್ತೆ ಹಾಕಿದಳು. ಅಂಗಡಿಯ ಪದ್ಧತಿಯಂತೆ ಒಂದು ಹೆಚ್ಚಿನ ಗುಂಡಿಗೆ ಅದೇ ದಾರದ ಮೊಳ ಉದ್ದ ಸುತ್ತಿ ಒಳಜೇಬಿಗೆ ಹಾಕಿದಳು. ಕೋಟು ಕೊಟ್ಟಾಗ ಅವರು, "ಗಟ್ಟಿಯಾಗಿದೆ, ಥ್ಯಾಂಕ್ಸ್ ಕಣ್ರೀ" ಎಂದರು. ಅಷ್ಟೇ.

ಮುಂದಿನ ಭಾನುವಾರ ಅದೇ ಕೋಟು ತೊಟ್ಟು ಬಂದರು, ಕಂಕುಳಲ್ಲಿ ಒಂದು ಗೋಡೆ ಗಡಿಯಾರ. ಗಾಜಿನ ಬಾಗಿಲು, ಒಳಗೆ ಲೋಲಕ, ಹಳೇ ಮರ. "ಟೀಚರ್, ಈ ಕೋಣೇಲಿ ಒಂದು ಗಡಿಯಾರ ಇಲ್ಲ" ಎಂದು ಟಿ.ವಿ.ಯ ಮೇಲುಗಡೆ ಮೊಳೆ ಹೊಡೆದು ತೂಗುಹಾಕಿದರು.

"ಇದು ಓಡ್ತಾನೇ ಇಲ್ವಲ್ರೀ!" ಎಂದಳು ಟೀಚರ್.

"ಒಂದು ಸಾಮಾನು ಬರ್ಬೇಕು. ಬಂದ್ಮೇಲೆ ಓಡುತ್ತೆ. ಅಲ್ಲಿವರೆಗೆ ಯಾರೂ ಮುಟ್ಬೇಡಿ."

ಕಾಜಾ ಅಕ್ಕನಿಗೆ ಗಡಿಯಾರದ ಕಡೆ ನೋಡುವ ಪುರುಸೊತ್ತೆಲ್ಲಿ? ಅವಳ ಕಣ್ಣು ಅವರ ಮೂರನೆಯ ಗುಂಡಿಯ ಮೇಲೆ, ಕಿವಿ ಅವರ ಬಾಯಿಯ ಮೇಲೆ. ಒಂದು ಮಾತು ಸಾಕಿತ್ತು. 'ಗುಂಡಿ ನೋಡಿದೆ' ಎಂದರೆ ಮುಗಿದಿತ್ತು. ಅವರು ಆರಿದ ಟೀ ಕುಡಿದು ಎದ್ದು ಹೋದರು. ವಾರ, ತಿಂಗಳು, ಅರ್ಧ ವರ್ಷ. ಹತ್ತನೆಯ ಸಲ ಮುಗಿದು ಹನ್ನೊಂದನೆಯದು ಶುರುವಾಯಿತು. ಐದು ವರ್ಷ ಆ ಗುಂಡಿಯ ವಾದ ಕೇಳಿದ ಮನುಷ್ಯನಿಗೆ ಕಡುಗೆಂಪು ಅಡ್ಡಗೆರೆ ಕಾಣಲಿಲ್ಲ ಎಂದರೆ ನಂಬಬಹುದೇ? ಕಂಡಿದೆ, ಬೇಡವಾಗಿದೆ, ಮರ್ಯಾದಸ್ಥರು, ಅದಕ್ಕೆ ಬಾಯಿ ಬಿಡುತ್ತಿಲ್ಲ. ಹೀಗೆಂದು ಅವಳು ತೀರ್ಮಾನ ಮಾಡಿಕೊಂಡಳು. ಅಯ್ಯೋ, ಕೇಳಿದ್ದರೆ ಬಾಯಿ ಸವೆಯುತ್ತಿತ್ತೇ? ಆದರೆ ಕೇಳುವುದು ಅವಳಿಗೆ ಯಾವ ಮನೆಯಲ್ಲಿ ಯಾರು ಕಲಿಸಿದ್ದರು?

ಗಡಿಯಾರ ಮಾತ್ರ ನಿಂತೇ ಇತ್ತು. "ಸಾಮಾನು ಬಂತಾ?" ಎಂದು ಟೀಚರ್ ಕೇಳಿದರೆ, "ಅದು ನನ್ ಕೈಲಿಲ್ಲ" ಎನ್ನುತ್ತಿದ್ದರು. ಹನ್ನೊಂದನೆಯ ಸಲದ ಹದಿನೈದನೆಯ ಕಂತಿನ ದಿನ, ಗೋಪುರದ ದೃಶ್ಯ ಬರುವ ಹೊತ್ತಿಗೆ ಕಾಜಾ ಅಕ್ಕ ಎಂದಿನಂತೆ ಎದ್ದಳು. ಗಡಿಯಾರದವರು ಯಾವತ್ತೂ ಇಲ್ಲದೆ ತಡೆದರು. "ಇವತ್ತೊಂದಿನ ಕೂತ್ಕೊಂಡು ನೋಡ್ರೀ."

"ನೋಡೋಕೆ ಏನಿದೆ? ಮನುಷ್ಯ ನಿಂತಿರ್ತಾನೆ. ನಿಂತ್ಕೊಳ್ಲಿ."

ಅವರು ಗೋಡೆಯ ಕಡೆ ಕೈ ತೋರಿಸಿದರು. "ಹೋಗ್ಲಿ, ಈ ಗಡಿಯಾರ ನೋಡಿದ್ರೆ ನಿಮ್ಗೆ ಏನನ್ಸುತ್ತೆ?"

ಅರ್ಧ ವರ್ಷದ ಸಿಟ್ಟೆಲ್ಲ ಅವಳ ನಾಲಿಗೆಯ ತುದಿಗೆ ಬಂತು. "ಏನನ್ಸುತ್ತೆ? ರಿಪೇರಿ ಮಾಡೋರ ಕೈಲೇ ಓಡದ ಗಡಿಯಾರ. ತೆಗ್ದು ಗುಜರಿಗೆ ಹಾಕಿ ಅನ್ಸುತ್ತೆ."

ಟೀಚರ್ ಬಿದ್ದುಬಿದ್ದು ನಕ್ಕಳು. ಅವರೂ ನಕ್ಕರು. ಆ ದಿನ ಅವರು ಟೀ ಬಿಸಿಯಾಗಿರುವಾಗಲೇ ಕುಡಿದು ಹೊರಟರು, ಅದೊಂದು ಅವಳಿಗೆ ವಿಚಿತ್ರ ಎನಿಸಿತು.

ಐದು ವಾರ ಕಳೆದ ಮೇಲೆ ಅವರೇ ಹೇಳಿದರು. ಬೇರೆ ಊರಿನಲ್ಲಿರುವ ಅವರ ಅಕ್ಕ ಬಹಳ ದಿನದಿಂದ ಒಂದು ಸಂಬಂಧಕ್ಕೆ ಹಟ ಹಿಡಿದಿದ್ದರಂತೆ. ಗಂಡ ತೀರಿಕೊಂಡ ಹೆಂಗಸು, ಹತ್ತು ವರ್ಷದ ಮಗಳಿದ್ದಾಳೆ, ಅಲ್ಲೇ ಒಂದು ಅಂಗಡಿಯೂ ಖಾಲಿ ಇದೆ. "ಇಷ್ಟು ದಿನ ಬೇಡ ಅಂತಿದ್ದೆ. ಈಗ ಒಪ್ಕೊಂಡೆ." ಟೀಚರ್ ಒಳಕೋಣೆಯ ಕಾಯಿದೆ ಮರೆತು, "ಒಳ್ಳೇದೇ ಆಯ್ತು ಬಿಡಿ" ಎಂದಳು. ಕಾಜಾ ಅಕ್ಕನೂ ಒಳ್ಳೆಯದಾಯಿತು ಎಂದಳು. ಎಂದದ್ದು ತನ್ನ ಬಾಯೇ ಎಂದು ಅವಳಿಗೆ ಅನುಮಾನ ಬಂತು.

ಮದುವೆಯ ಕೋಟು ಹೊಲಿಸಿದ್ದು ಅವಳ ಅಂಗಡಿಯಲ್ಲೇ. ಅಳತೆ ಕೊಟ್ಟು ಹೋಗುವಾಗ, "ಗುಂಡಿ ನೀವೇ ಹಾಕ್ತೀರಲ್ವಾ?" ಎಂದು ಕೇಳಿದರು. "ಇನ್ಯಾರು ಹಾಕ್ತಾರೆ?" ಎಂದಳು. ಮೂರನೆಯ ಗುಂಡಿಗೆ ಬಂದಾಗ ಸೂಜಿ ನಿಂತಿತು. ಒಂದು ಮನಸ್ಸು ಹಾಕು ಎಂದಿತು. ಇನ್ನೊಂದು, ಯಾರದೋ ಗಂಡನಾಗುವವರ ಎದೆಯ ಮೇಲೆ ನಿನ್ನ ಗುರುತು ಯಾಕೆ, ಆ ಹೆಂಗಸು ನಿನಗೇನು ಕೇಡು ಮಾಡಿದ್ದಾಳೆ ಎಂದಿತು. ಜೋಡಿಗೆರೆಯನ್ನೇ ಹಾಕಿದಳು. ಕಣ್ಣ ಹನಿ ಕೋಟಿನ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ಮಾಡಿಕೊಂಡು ಹಾಕಿದಳು.

ಹನ್ನೊಂದನೆಯ ಸಲದ ಚೀಟಿ ಓದಿದ್ದು ಭಾನುವಾರ. ಗಡಿಯಾರದವರ ಚೀಟಿಯಲ್ಲಿ ಎಂದಿನಂತೆ 'ಇಬ್ಬರಿಗೂ ಇತ್ತು'. ಸೋಮವಾರ ಕೋಟು ಒಯ್ಯಲು ಬಂದರು. ತೊಟ್ಟು ನೋಡಲಿಲ್ಲ. ಮೇಜಿನ ಮೇಲೆ ಹರಡಿ, ಜೇಬಿನಿಂದ ರಿಪೇರಿಯ ಮಸೂರ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಗುಂಡಿಗಳ ಮೇಲೆ ಬಗ್ಗಿದರು. ಒಂದು, ಎರಡು, ಮೂರು. ಮೂರನೆಯದರ ಮೇಲೆ ಬಹಳ ಹೊತ್ತು.

"ಏನ್ರೀ, ಗುಂಡೀಲಿ ಮುಳ್ಳು ಹುಡುಕ್ತಿದೀರಾ?" ಎಂದು ಮಾಸ್ಟರ್ ನಕ್ಕರು.

"ಗಟ್ಟಿ ಇದೆ, ಬೀಳಲ್ಲ" ಎಂದಳು ಕಾಜಾ ಅಕ್ಕ, ಗಟ್ಟಿತನ ನೋಡುತ್ತಿದ್ದಾರೆ ಎಂದುಕೊಂಡು.

"ಎಲ್ಲಾ ಒಂದೇ ಥರ ಇದೆ."

"ಇರ್ಲೇಬೇಕಲ್ಲ. ಅಂಗಡಿ ಪದ್ಧತಿ."

ಅವರು ಮಸೂರ ತೆಗೆದು ಜೇಬಿಗಿಟ್ಟು ಕೋಟು ಮಡಿಸಿದರು. "ಹೌದು, ಪದ್ಧತಿ. ಬರ್ತೀನಿ ಅಕ್ಕ" ಎಂದರು.

ಅಕ್ಕ! ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವಳು ಅವರು ಹೋದ ದಿಕ್ಕನ್ನೂ ನೋಡದೆ ಮುಂದಿನ ಕೋಟಿನ ಕಾಜಾ ಸೀಳಿದಳು, ಸೀಳು ಅರ್ಧ ಬೆರಳು ಉದ್ದವಾಯಿತು. ಮಾಸ್ಟರ್ ಆ ದಿನ ಏನೂ ಬೈಯಲಿಲ್ಲ. ಮಂಗಳವಾರ ಬೆಳಿಗ್ಗೆ ಗಡಿಯಾರದವರು ತಮ್ಮ ಅಂಗಡಿಯ ಬೀಗದ ಕೈ ಕೊಡಲು ಟೀಚರ್ ಬಳಿ ಹೋಗಿ, "ಮುಂದಿನ ಸಲ ನಾನಿರಲ್ಲ, ನನ್ ಓಟು ಈಗ್ಲೇ ಹಾಕ್ಬಿಡ್ತೀನಿ" ಎಂದು ಒಂದು ಚೀಟಿ ಬರೆದು ಡಬ್ಬಿಗೆ ಹಾಕಿ ಹೋದರಂತೆ.

ಹನ್ನೆರಡನೆಯ ಸಲ ಇಬ್ಬರೇ ನೋಡಿದರು. ಮೂರನೆಯ ಕುರ್ಚಿಯ ಮೇಲೆ ಟೀಚರ್ ಒಣಗಿದ ಬಟ್ಟೆ ಹಾಕಿಟ್ಟಿದ್ದಳು, ಖಾಲಿ ಕಾಣದಿರಲೆಂದು. ವಾದಕ್ಕೆ ರುಚಿಯೇ ಇರಲಿಲ್ಲ. ಹದಿನೈದನೆಯ ಕಂತು ಬಂತು. ಗೋಪುರದ ದೃಶ್ಯ ಶುರುವಾಯಿತು. "ಟೀ ಇಡಲ್ವಾ?" ಎಂದಳು ಟೀಚರ್. ಕಾಜಾ ಅಕ್ಕನಿಗೆ ಏಳಲು ಮನಸ್ಸಾಗಲಿಲ್ಲ. ಯಾರ ಮೇಲೆ ಪ್ರತಿಭಟನೆ?

ಹೀಗಾಗಿ ಆರು ವರ್ಷದಲ್ಲಿ ಮೊದಲ ಬಾರಿಗೆ ಅವಳು ಆ ದೃಶ್ಯವನ್ನು ಪೂರ್ತಿ ನೋಡಿದಳು. ಪತ್ತೇದಾರ ಬಂದು ನಿಂತ. ಗೋಪುರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಗಾಡಿಗಳು ಹೋದವು, ಬಂದವು. ಅವನು ಎದೆಯ ಮೇಲಿನ ಗುಂಡಿಯನ್ನು ಬೆರಳಿನಿಂದ ಮುಟ್ಟಿಕೊಂಡ. ಅದನ್ನೂ ಅವಳು ಈತನಕ ನೋಡಿರಲಿಲ್ಲ! ದೀಪ ಹಚ್ಚುವವನು ಏಣಿ ಹೊತ್ತು ಹೋದ. ಪತ್ತೇದಾರ ತಿರುಗಿದ. ಗೋಪುರದಲ್ಲಿ ಆರು ಗಂಟೆ ಹತ್ತು ನಿಮಿಷ.

ಅವಳ ಕಣ್ಣು ತಾನಾಗಿಯೇ ಟಿ.ವಿ.ಯಿಂದ ಮೇಲಕ್ಕೆ ಹೋಯಿತು. ಗೋಡೆಯ ಗಡಿಯಾರದಲ್ಲೂ ಆರು ಹತ್ತು.

ತಟ್ಟನೆ ಎದ್ದಳು. "ಟೀಚರ್, ಅದನ್ನ ಇಳಿಸು" ಎಂದಳು. "ಮುಟ್ಬೇಡಿ ಅಂದಿದಾರೆ..." ಎನ್ನುವಷ್ಟರಲ್ಲಿ ತಾನೇ ಸ್ಟೂಲು ಹತ್ತಿ ಇಳಿಸಿ, ಮಡಿಲಲ್ಲಿಟ್ಟುಕೊಂಡು ಗಾಜಿನ ಬಾಗಿಲು ತೆರೆದಳು. ಲೋಲಕದ ಹಿಂದೆ ಬೆರಳು ತೂರಿಸಿದಳು. ಮೇಣ ಎಳೆದ ದಾರ. ಕಣ್ಣು ಮುಚ್ಚಿಕೊಂಡರೂ ಅವಳಿಗೆ ಅದು ಗೊತ್ತಾಗುತ್ತಿತ್ತು. ಕಡುಗೆಂಪು ದಾರದಿಂದ ಲೋಲಕವನ್ನು ಒಳಗಿನ ಕೊಕ್ಕೆಗೆ ಕಟ್ಟಿದ್ದರು, ಅಲುಗದಂತೆ. ದಾರದ ತುದಿಯಲ್ಲಿ ಅವಳು ಒಳಜೇಬಿಗೆ ಹಾಕಿಕೊಟ್ಟಿದ್ದ ಬೂದು ಗುಂಡಿ ತೂಗುತ್ತಿತ್ತು. ಗಡಿಯಾರಕ್ಕೆ ಯಾವ ಸಾಮಾನೂ ಕಮ್ಮಿ ಇರಲಿಲ್ಲ.

"ಅಂದ್ರೆ ಗುಂಡಿ ಕಂಡಿತ್ತಾ ಅವರಿಗೆ?" ಎಂದಳು ಟೀಚರ್. ಆಗ ಕಾಜಾ ಅಕ್ಕ ಎಲ್ಲ ಹೇಳಿದಳು. ಕಡುಗೆಂಪು ದಾರ, ಅಡ್ಡಗೆರೆ, ಮದುವೆಯ ಕೋಟು, ಮಸೂರ. ಒಳಕೋಣೆಯ ಕಾಯಿದೆ ಆ ದಿನ ಮುರಿಯಿತು. ಟೀಚರ್ ಹಣೆ ಹಣೆ ಬಡಿದುಕೊಂಡಳು. "ಹದಿನಾಲ್ಕರಲ್ಲಿ ನೀನು ಹೊಲಿದೆ, ಹದಿನೈದರಲ್ಲಿ ಅವರು ತಂದು ತೂಗುಹಾಕಿದ್ರು. ಒಂದ್ ವಾರ ಕೂಡ ತಡ ಮಾಡ್ಲಿಲ್ಲ. ನನ್ನ ಕಣ್ಣಿಗಾದ್ರೂ ಏನಾಗಿತ್ತೇ? ನೀನು ಗುಂಡಿ ನೋಡ್ತಾ ಕೂತೆ, ಅವರು ಗಡಿಯಾರ ನೋಡ್ತಾ ಕೂತರು, ನಾನು ಆ ಹಾಳು ಟೈಪ್ ಅಕ್ಷರ ನೋಡ್ತಾ ಕೂತೆ!"

ಕಾಜಾ ಅಕ್ಕ ಗಡಿಯಾರವನ್ನು ಅವುಚಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. "ಗುಜರಿಗೆ ಹಾಕಿ ಅಂದೆ ಕಣೆ. ನನ್ ಬಾಯಿ ಸೇದಿಹೋಗ. ಅವರು ಕೈ ತೋರ್ಸಿ ಕೇಳಿದ್ರು, ನಾನು ಗುಜರಿಗೆ ಹಾಕಿ ಅಂದೆ."

"ಫೋನ್ ಮಾಡು. ಈಗ್ಲೇ ಮಾಡು" ಎಂದಳು ಟೀಚರ್.

"ಮಾಡಿ? ಮದುವೆ ಆಗಿ ಎರಡು ತಿಂಗಳಾಯ್ತು. ಆ ಮಗು ಅವರನ್ನ ಅಪ್ಪ ಅನ್ನೋದು ಕಲೀತಿರುತ್ತೆ. ನಾನ್ ಫೋನ್ ಮಾಡಿ ಗುಂಡಿ ಕಥೆ ಹೇಳ್ಲಾ?" ಮೂಗು ಒರೆಸಿಕೊಂಡು ಅವಳು ಡಬ್ಬಿಯ ಕಡೆ ನೋಡಿದಳು. "ನಂಗೆ ಒಂದೇ ಗೊತ್ತಾಗ್ಬೇಕು. ಹೋಗೋವಾಗ ಅವರಿಗೆ ಗೊತ್ತಿತ್ತಾ? ನಾನೂ... ಅಂತ ಗೊತ್ತಿದ್ದೇ ಹೋದ್ರಾ? ಗೊತ್ತಿದ್ರೆ ಸಾಕು, ಇನ್ನೇನೂ ಬೇಡ."

"ಚೀಟಿ ತೆಗೀಲಾ?"

"ಬೇಡ. ಇಪ್ಪತ್ತಾರು ಮುಗೀಲಿ. ಕಾಯಿದೆ ಕಾಯಿದೆನೇ."

ಕಾಯಿದೆ ಎನ್ನುವುದು ನೆಪ. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ಹನ್ನೊಂದು ಭಾನುವಾರ ಅವಳು ಆ ಡಬ್ಬಿಯ ಎದುರು ಕೂತಳು. ವಾರವಿಡೀ ಕಾಜಾದ ಗಂಟು ಹಾಕುತ್ತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು: ಹನ್ನೊಂದು ಸಲವೂ 'ಇಬ್ಬರಿಗೂ ಇತ್ತು' ಎಂದು ಬರೆದವರು ಹನ್ನೆರಡನೆಯ ಸಲ ಬೇರೆ ಏಕೆ ಬರೆಯುತ್ತಾರೆ? ಅದನ್ನೇ ಬರೆದಿರುತ್ತಾರೆ. ಅಂದರೆ ಗೊತ್ತಿತ್ತು. ಅತ್ತಿಗೆ, "ಯಾಕೆ ಈಚೆಗೆ ಊಟ ಸೇರ್ತಿಲ್ಲ?" ಎಂದು ಕೇಳಿದಳು. "ಹಲ್ಲು ನೋವು" ಎಂದಳು. ಬಲಗೈಗೆ ಹಲ್ಲು ನೋವು ಬಂದರೂ ಆ ಮನೆಯಲ್ಲಿ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ಇಪ್ಪತ್ತಾರನೆಯ ಕಂತು ಮುಗಿಯಿತು. ಹಡಗು ಹೋಯಿತು. ಇಬ್ಬರೂ ಚೀಟಿ ಬರೆದು ಡಬ್ಬಿಗೆ ಹಾಕಿದರು. ಟೀಚರ್ ಕನ್ನಡಕ ಏರಿಸಿ ಒಂದು ಚೀಟಿ ಬಿಡಿಸಿದಳು.

"ಇಬ್ಬರಿಗೂ ಇತ್ತು." ಅದು ಕಾಜಾ ಅಕ್ಕನ ಅಕ್ಷರ.

ಎರಡನೆಯದು ಬಿಡಿಸಿದಳು. "ಇಬ್ಬರಿಗೂ ಇತ್ತು." ಅದು ಟೀಚರದೇ. ಆರು ವರ್ಷ ಕಚ್ಚಿ ಹಿಡಿದಿದ್ದ ಡಾಕ್ಟರಮ್ಮನನ್ನು ಗೆಳತಿಗಾಗಿ ಆ ದಿನ ಬಿಟ್ಟುಕೊಟ್ಟಿದ್ದಳು.

ಮೂರನೆಯ ಚೀಟಿ ಗಡಿಯಾರ ರಿಪೇರಿಯ ರಸೀದಿಯ ಹಿಂಬದಿಯಲ್ಲಿತ್ತು. ಟೀಚರ್ ಬಿಡಿಸಿದಳು, ಓದಲಿಲ್ಲ. ಕಾಜಾ ಅಕ್ಕ ಅವಳ ಕೈಯಿಂದ ತೆಗೆದುಕೊಂಡಳು. ಇರುವೆ ಸಾಲಿನಂಥ ಸಣ್ಣ ಅಕ್ಷರ.

'ಅವನಿಗೆ ಇತ್ತು. ಅವಳಿಗೆ ಇರಲಿಲ್ಲ. ಗುಂಡಿ ಬರೀ ಗುಂಡಿ. ಇಷ್ಟು ವರ್ಷ ನಾನೇ ತಪ್ಪು ವಾದ ಮಾಡಿದೆ, ಕ್ಷಮಿಸಿ.'

ಟೀಚರ್ ಅವಳ ಬೆನ್ನ ಮೇಲೆ ಕೈಯಿಟ್ಟಳು. ಕಾಜಾ ಅಕ್ಕ ಚೀಟಿಯನ್ನು ಮತ್ತೆ ಮತ್ತೆ ಓದಿದಳು, ಎಲ್ಲಾದರೂ ಇನ್ನೊಂದು ಸಾಲು ಇದ್ದೀತೆಂದು ತಿರುಗಿಸಿ ನೋಡಿದಳು. ಆಚೆ ಬದಿಯಲ್ಲಿ ಯಾರದೋ ಕೈಗಡಿಯಾರದ ನಂಬರು ಇತ್ತು.

"ಇತ್ತು ಕಣ್ರೀ" ಎಂದಳು, ಮೂರನೆಯ ಕುರ್ಚಿಯ ಮೇಲಿನ ಬಟ್ಟೆಯ ರಾಶಿಗೆ. "ಅವಳಿಗೂ ಇತ್ತು."

ಎರಡಕ್ಕೆ ಒಂದು. ಆರು ವರ್ಷದಲ್ಲಿ ಮೊದಲ ಸಲ ತೀರ್ಪು ಬಂದಿತ್ತು, ಗಡಿಯಾರದವರ ವಾದವೇ ಗೆದ್ದಿತ್ತು, ಅದನ್ನು ಅವರಿಗೆ ಹೇಳುವ ಹಾಗಿರಲಿಲ್ಲ.